ನೆಗಡಿಗೆ ಮೂಗು ಕೊಯ್ಯುವವರು

ಕಾರಿನ ಗಡಿಯಾರ ತಪ್ಪು ಹೊತ್ತು ತೋರಿಸಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ಜೇಬಿನಲ್ಲಿ ಮೊಬೈಲು ಇದೆ, ಮಣಿಕಟ್ಟಿನಲ್ಲಿ ವಾಚು ಇದೆ. ಹಾಗಿದ್ದೂ ಈ ಪುಟ್ಟ ದೋಷವನ್ನು ಹಿಡಿದು ಒಂದು ದೊಡ್ಡ ತಕರಾರನ್ನು ಮುಂದಿಡಲು ನಾವು ಹೊರಟಿದ್ದೇವೆ. ಏಕೆಂದರೆ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಮಿನುಗುವ ಆ ನಾಲ್ಕು ಅಂಕಿಗಳು ಬರೀ ಹೊತ್ತನ್ನು ಹೇಳುತ್ತಿಲ್ಲ. ಲಕ್ಷಾಂತರ ರೂಪಾಯಿ ತೆತ್ತು, ವರ್ಷಗಟ್ಟಲೆ ಕಂತು ಕಟ್ಟಿ ಮನೆಗೆ ತಂದ ವಾಹನದ ಒಡೆಯರು ನಿಜಕ್ಕೂ ಯಾರು ಎಂಬುದನ್ನೂ ಅವು ಹೇಳುತ್ತಿವೆ. ಗಡಿಯಾರವನ್ನು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಒಡೆಯರು. ಉಳಿದವರು ಬಾಡಿಗೆಗಿರುವವರು.

2022ರ ಜನವರಿ 1ರಂದು ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಹೋಂಡಾ ಮತ್ತು ಅದರದೇ ಅಕ್ಯುರಾ ಹೆಸರಿನ ಹಳೆಯ ಕಾರುಗಳ ಮಾಲೀಕರು ಹೊಸ ವರ್ಷದ ಬೆಳಗ್ಗೆ ಗಾಡಿ ಚಾಲೂ ಮಾಡಿದಾಗ ಪರದೆಯ ಮೇಲೆ 2002ನೆಯ ಇಸವಿ ಕಂಡಿತು. ಸುಮಾರು 2004ರಿಂದ 2012ರವರೆಗಿನ, ದಾರಿ ತೋರುವ ವ್ಯವಸ್ಥೆಯನ್ನು ಕಂಪನಿಯೇ ಅಳವಡಿಸಿದ್ದ ಮಾದರಿಗಳವು. ಇಪ್ಪತ್ತು ವರ್ಷ ಹಿಂದೆ ಜಿಗಿದ ಗಡಿಯಾರವನ್ನು ಕೈಯಿಂದ ಸರಿಪಡಿಸಿದರೂ ಪ್ರಯೋಜನವಾಗಲಿಲ್ಲ. ಮತ್ತೆ ಚಾಲೂ ಮಾಡಿದರೆ ಮತ್ತೆ ತಪ್ಪು ಹೊತ್ತು. ಮಾಲೀಕರು ದೂರು ಕೊಟ್ಟರು. ಕಂಪನಿಯಿಂದ ಬಂದ ಉತ್ತರದ ತಾತ್ಪರ್ಯ ಇಷ್ಟು: ಆಗಸ್ಟ್ ತಿಂಗಳವರೆಗೆ ಕಾಯಿರಿ, ತಾನಾಗಿಯೇ ಸರಿಹೋಗುತ್ತದೆ.

ಈ ಉತ್ತರದ ಹಿಂದೆ ಒಂದು ಲೆಕ್ಕವಿದೆ. ಜಿಪಿಎಸ್ ಉಪಗ್ರಹಗಳು ದಿನಾಂಕವನ್ನು ನಮ್ಮ ಹಾಗೆ ತಿಂಗಳು, ಇಸವಿಗಳಲ್ಲಿ ಕಳುಹಿಸುವುದಿಲ್ಲ. ಇಂದು ಎಷ್ಟನೆಯ ವಾರ, ಆ ವಾರದಲ್ಲಿ ಎಷ್ಟನೆಯ ಸೆಕೆಂಡು ಎಂದು ಕಳುಹಿಸುತ್ತವೆ. ಮೂಲ ಸಂಕೇತದಲ್ಲಿ ವಾರದ ಸಂಖ್ಯೆಗೆ ಮೀಸಲಿಟ್ಟ ಜಾಗ 10 ಬಿಟ್‌ಗಳಷ್ಟೇ. ಅದರಲ್ಲಿ 0ಯಿಂದ 1023ರವರೆಗೆ ಮಾತ್ರ ಎಣಿಸಬಹುದು. 1024 ವಾರಗಳು, ಎಂದರೆ ಹತ್ತೊಂಬತ್ತು ವರ್ಷ ಏಳೂವರೆ ತಿಂಗಳು ಮುಗಿದ ಕೂಡಲೇ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ಅದು ಸೊನ್ನೆಗೆ ಮರಳಿದ್ದು 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಮುಂದಿನದು 2038ರ ನವೆಂಬರ್‌ನಲ್ಲಿ. ಈಗಿನದು ಎಷ್ಟನೆಯ ಸುತ್ತು ಎಂದು ಊಹಿಸಿಕೊಳ್ಳುವ ಹೊಣೆ ಸಂಕೇತ ಪಡೆಯುವ ಉಪಕರಣದ ಸಾಫ್ಟ್‌ವೇರಿನದು. ಆ ಊಹೆಗೆ ಬರೆದವರು ಹಾಕಿಕೊಟ್ಟ ಗಡುವು ಮುಗಿದರೆ ಉಪಕರಣ ಒಂದು ಸುತ್ತು ಹಿಂದಿನ ಕಾಲದಲ್ಲಿ ಬಾಳತೊಡಗುತ್ತದೆ. ನಮ್ಮ ಪಂಚಾಂಗದ ಅರವತ್ತು ಸಂವತ್ಸರಗಳನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ಪ್ರಭವ ಎಂದಷ್ಟೇ ಬರೆದಿಟ್ಟರೆ ಯಾವ ಶತಮಾನದ ಪ್ರಭವ ಎಂದು ತಿಳಿಯದು. ಆದ್ದರಿಂದಲೇ ನಮ್ಮ ಶಾಸನಗಳನ್ನು ಬರೆಸಿದವರು ಸಂವತ್ಸರದ ಹೆಸರಿನ ಜೊತೆಗೆ ಶಕವರ್ಷವನ್ನೂ ಕೆತ್ತಿಸುತ್ತಿದ್ದರು.

ದೋಷ ಹುಟ್ಟಿದ್ದು ತಪ್ಪು ಎಂದು ನಾವು ಹೇಳುತ್ತಿಲ್ಲ. ಮನುಷ್ಯರು ಮಾಡಿದ ಯಂತ್ರದಲ್ಲಿ ದೋಷ ಇದ್ದೇ ಇರುತ್ತದೆ. ನಮ್ಮ ತಕರಾರು ಆ 'ಕಾಯಿರಿ' ಎಂಬ ಮಾತಿನ ಬಗ್ಗೆ. ಕಾರು ಮಾಲೀಕರದು, ಪರದೆ ಮಾಲೀಕರದು, ಪರದೆಯ ಹಿಂದಿರುವ ಕಾಲದ ಎಣಿಕೆ ಮಾತ್ರ ಇನ್ನೊಬ್ಬರದು. ಅದರ ಬಾಗಿಲ ಕೀಲಿ ಮಾಲೀಕರಿಗೂ ಇಲ್ಲ, ಅವರ ಊರಿನ ಮೆಕ್ಯಾನಿಕ್‌ಗೂ ಇಲ್ಲ. ಎಂಟು ತಿಂಗಳು ಕಾಯುವುದೊಂದೇ ಅವರಿಗೆ ಬಿಟ್ಟ ದಾರಿ.

ಕಾದರೂ ಸರಿಹೋಗದ ಪ್ರಸಂಗಗಳೂ ಇವೆ. ಅದೇ 2022ರ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದ ಸುತ್ತಮುತ್ತ 2014ರಿಂದ 2017ರವರೆಗಿನ ಕೆಲವು ಮಾಜ್ದಾ ಕಾರುಗಳ ರೇಡಿಯೋ 94.9ರ ಬಾನುಲಿ ಕೇಂದ್ರವೊಂದಕ್ಕೆ ಅಂಟಿಕೊಂಡು ಕುಳಿತಿತು. ಕೇಂದ್ರ ಬದಲಿಸಲಾಗದು, ಪರದೆ ಮತ್ತೆಮತ್ತೆ ಆರಿ ಹತ್ತುತ್ತದೆ, ಗಡಿಯಾರವೂ ಇಲ್ಲ, ಹಿಂಬದಿಯ ಕ್ಯಾಮೆರಾವೂ ಇಲ್ಲ. ಕಾರಣವೆಂದು ಹೊರಬಿದ್ದದ್ದು ಇದು: ಬಾನುಲಿಯ ಡಿಜಿಟಲ್ ಸಂಕೇತದೊಂದಿಗೆ ಬಂದ ಚಿತ್ರದ ಕಡತಗಳ ಹೆಸರಿನ ಕೊನೆಗೆ ಕಡತದ ಬಗೆಯನ್ನು ಸೂಚಿಸುವ ಬಾಲ ಇರಲಿಲ್ಲ. ಬಾಲವಿಲ್ಲದ ಕಡತವನ್ನು ಏನು ಮಾಡಬೇಕೆಂದು ತಿಳಿಯದೆ ವ್ಯವಸ್ಥೆ ದಿಕ್ಕೆಟ್ಟಿತು. ಅದಕ್ಕೆ ಸೂಚಿಸಲಾದ ಪರಿಹಾರ ಸುಮಾರು 1,500 ಡಾಲರ್ ಬೆಲೆಯ ನಿಯಂತ್ರಕ ಪೆಟ್ಟಿಗೆಯನ್ನೇ ಬದಲಿಸುವುದು. ಅದಕ್ಕೂ ಆಗ ಬಿಡಿಭಾಗದ ಅಭಾವ. ಹೆಸರಿನ ಬಾಲದಲ್ಲಿ ಮೂರಕ್ಷರ ಇಲ್ಲದ್ದಕ್ಕೆ ಲಕ್ಷ ರೂಪಾಯಿಗೂ ಮೀರಿದ ಪೆಟ್ಟಿಗೆ! ನೆಗಡಿಯಾದರೆ ಮೂಗು ಕೊಯ್ಯುವುದು ಎಂದರೆ ಇದೇ.

ಟೆಸ್ಲಾ ಕಂಪನಿಯ ಕತೆ ಇನ್ನೊಂದು ಬಗೆಯದು. ಅದರ ಹಳೆಯ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳ ನಡುಪರದೆಯ ಹಿಂದೆ 8 ಜಿಬಿಯ ಒಂದು ಫ್ಲ್ಯಾಶ್ ಮೆಮೊರಿ ಚಿಪ್ಪು ಇತ್ತು. ಇಂಥ ಚಿಪ್ಪಿನಲ್ಲಿ ಬರೆದು ಅಳಿಸುವುದಕ್ಕೆ ಒಂದು ಮಿತಿ ಇರುತ್ತದೆ. ಸ್ಲೇಟನ್ನು ಉಜ್ಜಿ ಉಜ್ಜಿ ಸವೆಸಿದಂತೆ, ವ್ಯವಸ್ಥೆ ತನ್ನ ದಿನಚರಿಯನ್ನು ಅದರಲ್ಲಿ ಎಡೆಬಿಡದೆ ಬರೆಯುತ್ತಾ ಹೋಗಿ ಕೆಲವೇ ವರ್ಷಗಳಲ್ಲಿ ಚಿಪ್ಪು ಸವೆಯಿತು, ಪರದೆ ಕತ್ತಲಾಯಿತು. ಪರದೆಯೊಂದಿಗೆ ಹಿಂಬದಿಯ ಕ್ಯಾಮೆರಾ ಹೋಯಿತು, ಗಾಜಿನ ಮಂಜು ಕರಗಿಸುವ ಗುಂಡಿಗಳೂ ಹೋದವು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಮಧ್ಯೆ ಪ್ರವೇಶಿಸಿದ ಮೇಲೆ, 2021ರ ಫೆಬ್ರವರಿಯಲ್ಲಿ ಕಂಪನಿ ಸುಮಾರು 1,35,000 ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಮನೋರಂಜನೆಯ ಪರದೆ ಕೆಟ್ಟರೆ ಹಾಡು ನಿಲ್ಲುತ್ತದೆ ಅಷ್ಟೇ ಎಂದು ನಗುವವರು ಇದನ್ನು ಗಮನಿಸಬೇಕು. ಹಾಡು, ನಕಾಶೆ, ಕ್ಯಾಮೆರಾ, ಏಸಿ, ಗಡಿಯಾರ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಿದ ಮೇಲೆ ಗೂಟ ಕಿತ್ತರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ.

'ಇವೆಲ್ಲ ಪರದೇಶದ ಕತೆಗಳು, ನಮಗೇನು?' ಎಂದು ಕೇಳಬಹುದು. ನಮ್ಮ ಪೇಟೆಗಳಲ್ಲಿ ಇದೇ ನಾಟಕ ಇನ್ನೂ ಅಗ್ಗದ ವೇಷದಲ್ಲಿ ನಡೆಯುತ್ತಿದೆ. ನಮ್ಮ ಬಳಗದವರೊಬ್ಬರ ಕಾರಿನ ಗಡಿಯಾರ ಪ್ರತಿ ಬೆಳಗ್ಗೆ ಹನ್ನೆರಡು ಗಂಟೆಯಿಂದ ಶುರುವಾಗುತ್ತಿತ್ತು. ರೇಡಿಯೋದಲ್ಲಿ ಉಳಿಸಿಟ್ಟ ಕೇಂದ್ರಗಳೂ ಮಾಯವಾಗುತ್ತಿದ್ದವು. ಅಧಿಕೃತ ಸರ್ವಿಸ್ ಸೆಂಟರಿನವರು ಪರದೆ ಸಮೇತ ಇಡೀ ಘಟಕವನ್ನು ಬದಲಿಸಬೇಕೆಂದು ಎಸ್ಟಿಮೇಟ್ ಬರೆದುಕೊಟ್ಟರು. ಬೀದಿ ಬದಿಯ ಎಲೆಕ್ಟ್ರಿಷಿಯನ್ ಒಬ್ಬ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಸುಟ್ಟುಹೋಗಿದ್ದ ಒಂದು ಫ್ಯೂಸನ್ನು ಕಿತ್ತು ಹೊಸದನ್ನು ಹಾಕಿದ. ಕೆಲಸ ಅಲ್ಲಿಗೆ ಮುಗಿಯಿತು. ಈ ಪ್ರಸಂಗದಲ್ಲಿ ನಮ್ಮನ್ನು ಕಾಡುವುದು ದುಡ್ಡಲ್ಲ. ಫ್ಯೂಸನ್ನು ನೋಡುವುದಕ್ಕೂ ಮುಂಚೆ ಎಸ್ಟಿಮೇಟ್ ಸಿದ್ಧವಾಗಿತ್ತು ಎಂಬುದು.

ಗಡಿಯಾರದ ತಪ್ಪಿಗೆ ತನ್ನದೇ ಒಂದು ವ್ಯಾಕರಣವಿದೆ. ತಪ್ಪು ಎಷ್ಟು ಎಂಬುದೇ ತಪ್ಪು ಎಲ್ಲಿ ಎಂಬುದನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಪ್ರತಿ ಬಾರಿ ಕೀಲಿ ತಿರುಗಿಸಿದಾಗಲೂ ಗಡಿಯಾರ ಮೊದಲಿನಿಂದ ಶುರುವಾದರೆ, ಕಾರು ನಿಂತಾಗಲೂ ಅದಕ್ಕೆ ಸಿಗಬೇಕಾದ ವಿದ್ಯುತ್ ಸಿಗುತ್ತಿಲ್ಲ ಎಂದು ಅರ್ಥ. ನೋಡಬೇಕಾದದ್ದು ಫ್ಯೂಸು, ಬ್ಯಾಟರಿಯ ತುದಿಗಳು, ಅಲ್ಲಿಂದ ಬರುವ ತಂತಿ. ಹೊರಗೆ ಕೊಂಡು ಹಾಕಿಸಿದ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಸದಾ ವಿದ್ಯುತ್ ತರುವುದು, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ತರುವುದು, ಕಪ್ಪು ತಂತಿ ಅರ್ಥಿಂಗಿನದು. ಹಳದಿ ಕೆಂಪುಗಳು ಅದಲುಬದಲಾದರೆ ಗಡಿಯಾರಕ್ಕೆ ದಿನವೂ ಮರೆವು. ಕಾರು ಚಾಲೂ ಮಾಡುವ ಕ್ಷಣದಲ್ಲಿ ಮಾತ್ರ ಪರದೆ ಆರಿ ಮತ್ತೆ ಹತ್ತಿದರೆ ಮೊದಲ ಅನುಮಾನ ಮುದಿಯಾದ ಬ್ಯಾಟರಿಯ ಮೇಲೆ. ಸ್ಟಾರ್ಟರ್ ಮೋಟಾರು ಒಮ್ಮೆಲೇ ವಿದ್ಯುತ್ ಎಳೆದಾಗ ವೋಲ್ಟೇಜು ಕುಸಿಯುತ್ತದೆ. ಪರದೆ ಅದನ್ನು ತಾಳಲಾರದು.

ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಯಂತ್ರದಲ್ಲಿ ಕೆಡುಕೇನೂ ಇಲ್ಲ. ಅದು ಗ್ರೀನಿಚ್‌ನ ಹೊತ್ತನ್ನು ತೋರಿಸುತ್ತಿದೆ, ಭಾರತದ ಕಾಲವಲಯವನ್ನು ಆರಿಸಿದರೆ ಸಾಕು. ಸರಿಯಾಗಿ ಒಂದು ಗಂಟೆ ವ್ಯತ್ಯಾಸವಿದ್ದರೆ ನಮ್ಮ ದೇಶದಲ್ಲಿ ಇಲ್ಲದ ಬೇಸಿಗೆಯ ಸಮಯವನ್ನು ಯಾರೋ ಚಾಲೂ ಮಾಡಿಟ್ಟಿದ್ದಾರೆ. ತಿಂಗಳಿಗೆ ಒಂದೆರಡು ನಿಮಿಷ ಹಿಂದೆ ಬೀಳುತ್ತಿದ್ದರೆ ಅದು ಸ್ಫಟಿಕದ ಸಹಜಗುಣ. ಗಡಿಯಾರದೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅದಕ್ಕೆ ಹಿತವಾದದ್ದು 25 ಡಿಗ್ರಿ ಆಸುಪಾಸಿನ ಹವೆ. ಅದಕ್ಕಿಂತ ಬಿಸಿಯಾದರೂ ತಂಪಾದರೂ ನಿಧಾನವಾಗುತ್ತದೆ. ಚೆನ್ನೈನ ಮೇ ತಿಂಗಳ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಆ ಹರಳು ಯಾವ ಸ್ಥಿತಿಯಲ್ಲಿರುತ್ತದೆಂದು ಊಹಿಸಿಕೊಳ್ಳಬಹುದು. ಇನ್ನು ದಿನಾಂಕವೇ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಮಾತ್ರ ಅದು ಸಾಫ್ಟ್‌ವೇರಿನ ರೋಗ. ಅದಕ್ಕೆ ಮದ್ದು ತಯಾರಕರ ಬಳಿ ಮಾತ್ರ ಇರುತ್ತದೆ.

ಪರದೆಯ ವಿಷಯವೂ ಹೀಗೆಯೇ. ಮುಟ್ಟಿದರೆ ಉತ್ತರ ಕೊಡದ ಪರದೆಯನ್ನು ಬಹಳಷ್ಟು ಮಾದರಿಗಳಲ್ಲಿ ಪವರ್ ಗುಂಡಿಯನ್ನು ಸುಮಾರು ಹತ್ತು ಸೆಕೆಂಡು ಅದುಮಿ ಹಿಡಿದು ಹೊಸದಾಗಿ ಚಾಲೂ ಮಾಡಬಹುದು. ಫೋನು ಬೆಸೆಯದಿದ್ದರೆ ಮೊದಲು ಬದಲಿಸಬೇಕಾದದ್ದು ಕೇಬಲ್ಲನ್ನು, ಕಾರನ್ನಲ್ಲ. ಬ್ಲೂಟೂತ್ ಹಠ ಹಿಡಿದರೆ ಫೋನಿನಲ್ಲೂ ಕಾರಿನಲ್ಲೂ ಹಳೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಪರಿಚಯ ಮಾಡಿಸಬೇಕು. ಕಾರಖಾನೆಯ ಮೂಲಸ್ಥಿತಿಗೆ ಮರಳಿಸುವುದು ಕೊನೆಯ ಉಪಾಯ. ಅದರಿಂದ ಉಳಿಸಿಟ್ಟ ವಿಳಾಸ, ಸಂಪರ್ಕಗಳೆಲ್ಲ ಅಳಿಸಿಹೋಗುತ್ತವೆ. ಇಷ್ಟನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಇಷ್ಟನ್ನೂ ನೋಡದೆ 'ಯೂನಿಟ್ ಹೋಗಿದೆ ಸಾರ್' ಎನ್ನುವ ಕೌಂಟರಿನವರ ಮಾತನ್ನು ಒಪ್ಪಲು ಮಾತ್ರ ಅಜ್ಞಾನ ಬೇಕು. ಆ ಅಜ್ಞಾನವನ್ನು ಜತನದಿಂದ ಬೆಳೆಸಲಾಗುತ್ತಿದೆ ಎಂಬುದೇ ನಮ್ಮ ಆರೋಪ.

ತಯಾರಕರ ಕಡೆಯ ವಾದವನ್ನೂ ಕೇಳೋಣ. ಇಂದಿನ ಕಾರು ಹಿಂದಿನ ಕಾರಲ್ಲ, ಚಕ್ರದ ಮೇಲಿನ ಕಂಪ್ಯೂಟರು. ಕಂಡವರೆಲ್ಲ ಕೈಯಾಡಿಸಿದರೆ ಬ್ರೇಕು, ಏರ್‌ಬ್ಯಾಗುಗಳ ಸುರಕ್ಷತೆಗೆ ಧಕ್ಕೆ. ಒಳಗುಟ್ಟು ಬಿಟ್ಟುಕೊಟ್ಟರೆ ಕಳ್ಳರಿಗೂ ದಾರಿ. ಈ ಮಾತಿನಲ್ಲಿ ಸತ್ಯಾಂಶವಿದೆ. ಕಾರಿನ ಜಾಲಕ್ಕೆ ಹೊರಗಿನಿಂದ ನುಗ್ಗಬಹುದೆಂದು 2015ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಜೀಪ್ ಚೆರೋಕಿಯೊಂದರ ಮೇಲೆ ತೋರಿಸಿಕೊಟ್ಟರು. ಆ ಬಳಿಕ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಆದರೆ ಅವರು ನುಗ್ಗಿದ್ದು ಎಲ್ಲಿಂದ? ಇದೇ ಇನ್ಫೋಟೈನ್‌ಮೆಂಟ್ ಪೆಟ್ಟಿಗೆಯ ಮೂಲಕ. ಬೀದಿಯ ಮೆಕ್ಯಾನಿಕ್ ತೆರೆದಿಟ್ಟ ಬಾಗಿಲಲ್ಲ ಅದು, ತಯಾರಕರೇ ಇಟ್ಟ ಬಾಗಿಲು. ಸುರಕ್ಷತೆಗಾಗಿ ಬ್ರೇಕಿನ ಕೋಣೆಗೆ ಬೀಗ ಹಾಕಿ, ಬೇಡವೆನ್ನುವುದಿಲ್ಲ. ಗಡಿಯಾರದ ಕೋಣೆಗೆ ಹಾಕಿದ ಬೀಗವನ್ನು ಸುರಕ್ಷತೆ ಎಂದು ಕರೆಯಬೇಡಿ. ಅದು ವ್ಯಾಪಾರ.

ವ್ಯಾಪಾರ ಎಂದು ಹೇಳಿದವರು ನಾವೇ ಮೊದಲಿಗರಲ್ಲ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ, ದೋಷ ಪತ್ತೆಹಚ್ಚುವ ಉಪಕರಣ ಮತ್ತು ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಅವರ ಮೇಲಿನ ಆಪಾದನೆ. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತನ್ನು ಹಾಕಕೂಡದೆಂದೂ ಆಯೋಗ ಹೇಳಿತು. ಮೇಲ್ಮನವಿಗಳು ನಡೆದವು, ದಂಡದ ಮೊತ್ತ ವ್ಯಾಜ್ಯಕ್ಕೆ ಸಿಕ್ಕಿತು. ಆದರೆ ಆಯೋಗ ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿಯೊಂದನ್ನು ರಚಿಸಿ, ಆ ಡಿಸೆಂಬರಿನಲ್ಲಿ ಜಾಲತಾಣವೊಂದನ್ನೂ ತೆರೆಯಿತು. ವಾಹನಗಳು ಅದರ ನಾಲ್ಕು ವಿಭಾಗಗಳಲ್ಲಿ ಒಂದು. ಜಾಲತಾಣ ಒಳ್ಳೆಯದೇ. ಆದರೆ ಅದು ಕಾನೂನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿಯೇ ವಾಹನ ದುರಸ್ತಿಯ ಹಕ್ಕನ್ನು ಕಾನೂನಾಗಿಸಿತು. 2020ರಲ್ಲಿ ಕಾರು ತಂತಿಯಿಲ್ಲದೆ ರವಾನಿಸುವ ಮಾಹಿತಿಗೂ ಆ ಹಕ್ಕನ್ನು ವಿಸ್ತರಿಸುವ ಪ್ರಸ್ತಾಪಕ್ಕೆ ಅಲ್ಲಿನ ಮತದಾರರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಒಪ್ಪಿಗೆ ಕೊಟ್ಟರು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಹೋಗಲಿ, ಜನರ ಮತ ಏನೆಂಬುದು ದಾಖಲಾಯಿತು.

ಹೊರನಾಡಿನಲ್ಲಿರುವ ನಮಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಆಗಿದ್ದರೆ ಅಪ್ಪನ ಕಾಲದಿಂದ ಪರಿಚಯವಿರುವ ಗ್ಯಾರೇಜಿನವರೊಬ್ಬರು ಇರುತ್ತಿದ್ದರು. 'ಇದೇನೂ ಆಗಿಲ್ಲ ಬಿಡಿ ರಾಯರೇ' ಎನ್ನುವ ಅವರ ಒಂದು ಮಾತಿಗೆ ಸಾವಿರಾರು ರೂಪಾಯಿ ಉಳಿಯುತ್ತಿತ್ತು. ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದವರಿಗೆ ಆ ನಂಟು ಇಲ್ಲ. ಭಾಷೆ ಅರೆಬರೆ, ಬೀದಿಯ ಮೆಕ್ಯಾನಿಕ್ ಅಪರಿಚಿತ. ಆದ್ದರಿಂದಲೇ ಗಾಜಿನ ಗೋಡೆಯ, ಏಸಿ ಹಾಕಿದ ಅಧಿಕೃತ ಕೌಂಟರಿಗೆ ಬೇಗ ಶರಣಾಗುತ್ತೇವೆ. ಒಂದು ವಿಷಯ ಮಾತ್ರ ನಮಗೆ ಅನುಕೂಲವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಗಾಡಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಅದಕ್ಕೂ ಮುಂಚೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವು ಪಡೆಯಬಹುದು. ಕೆ.ಎ. ಎಂಬ ನಂಬರ್ ಪ್ಲೇಟಿನ ಕಾರಿಗೆ ನ್ಯಾಯ ಕೇಳಲು ಊರಿಗೇ ಹೋಗಬೇಕಾಗಿಲ್ಲ.

ಸಾಹಿತ್ಯ ಬಳಗಕ್ಕೆ ಫ್ಯೂಸು ವೈರುಗಳ ಉಸಾಬರಿ ಯಾಕೆ ಎಂದು ಮೂಗು ಮುರಿಯುವವರಿಗೂ ಒಂದು ಮಾತು ಹೇಳಬೇಕು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದಾಗ ಅದು ಕಾದಂಬರಿಕಾರರ ಕೆಲಸವಲ್ಲ ಎಂದುಕೊಳ್ಳಲಿಲ್ಲ. ತೇಜಸ್ವಿಯವರು ಕನ್ನಡದ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡಾಗ ಅದು ಕತೆಗಾರರ ಕ್ಷೇತ್ರವಲ್ಲ ಎಂದುಕೊಳ್ಳಲಿಲ್ಲ. ಒಂದು ಭಾಷೆಯಲ್ಲಿ ಹಬ್ಬದ ವರ್ಣನೆ ಮಾಡಲು ಬಂದು, ಮನೆಮುಂದೆ ನಿಂತ ಗಾಡಿಯ ರೋಗವನ್ನು ಹೇಳಲು ಬರದಿದ್ದರೆ ಆ ಭಾಷೆ ಬರೀ ಅಲಂಕಾರಕ್ಕೆ ಉಳಿಯುತ್ತದೆ. ಕಾರಿನೊಡನೆ ಬರುವ ಕೈಪಿಡಿ ನೂರಾರು ಪುಟಗಳ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಅರ್ಧದಷ್ಟು ಎಚ್ಚರಿಕೆ, ಉಳಿದರ್ಧ 'ಡೀಲರನ್ನು ಸಂಪರ್ಕಿಸಿ'. ಯಾವ ಫ್ಯೂಸು ಯಾವುದರದು ಎಂಬ ಒಂದು ಪುಟ ಕನ್ನಡದಲ್ಲಿದ್ದರೆ ಊರಿನಲ್ಲಿರುವ ಮೆಕ್ಯಾನಿಕ್ ಹುಡುಗನಿಗೂ ಹೊರನಾಡಿನ ನಮ್ಮ ಹಿರಿಯರಿಗೂ ಅದು ಸಮಾನವಾಗಿ ದಕ್ಕುತ್ತದೆ.

ಕಾಲಮಾಪನದ ವಿಷಯದಲ್ಲಿ ಕನ್ನಡನಾಡಿಗೆ ತನ್ನದೇ ಒಂದು ನೆನಪೂ ಇದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ತನ್ನ ಕೈಗಡಿಯಾರದ ಕಾರಖಾನೆಯನ್ನು ಬೆಂಗಳೂರಿನಲ್ಲಿ ತೆರೆದದ್ದು 1961ರಲ್ಲಿ. ಆ ಕಂಪನಿಯ ಕೈಗಡಿಯಾರದ ಘಟಕ ಮುಚ್ಚಿಹೋಯಿತು. ಅದರ ಕೀಲಿ ಕೊಡುವ ವಾಚುಗಳು ಮಾತ್ರ ಇಂದಿಗೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿವೆ. ಹುಟ್ಟಿಸಿದವರು ಇಲ್ಲವಾದ ಮೇಲೂ ಬದುಕಿರುವ ಶಕ್ತಿ ಅವಕ್ಕೆ ಬಂದದ್ದು ಒಂದೇ ಕಾರಣಕ್ಕೆ: ಹಿಂಬದಿಯ ಮುಚ್ಚಳ ತೆರೆದರೆ ಒಳಗೇನಿದೆಯೆಂದು ಬೀದಿ ಬದಿಯ ವಾಚ್ ರಿಪೇರಿಯವರಿಗೆ ಕಾಣುತ್ತಿತ್ತು. ಇಂದಿನ ಕಾರಿನ ಗಡಿಯಾರವನ್ನು ಮಾಡಿದ ಕಂಪನಿ ನಾಳೆ ಮುಚ್ಚಿದರೆ, ಅಥವಾ ಹತ್ತು ವರ್ಷದ ಬಳಿಕ ಆ ಮಾದರಿಯ ಸಾಫ್ಟ್‌ವೇರನ್ನು ಕೈಬಿಟ್ಟರೆ, ಅದರ ಗತಿ ಏನು? ಮುಚ್ಚಳ ತೆರೆದರೆ ಕಾಣುವುದು ಒಂದು ಕಪ್ಪು ಪೆಟ್ಟಿಗೆ. ಗಟ್ಟಿಮುಟ್ಟಾದ ಎಂಜಿನ್ನು, ಚಾಸಿ ಇರುವ ಗಾಡಿ ಪರದೆಯ ಕಾರಣಕ್ಕೆ ಮುದಿಯಾಗುತ್ತದೆ. ಎರಡನೆಯ ಕೈಗೆ ಕೊಳ್ಳುವ ಬಡವರೇ ಅದರ ಹೊರೆ ಹೊರಬೇಕಾದವರು.

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ದೋಷ ಪತ್ತೆಹಚ್ಚುವ ಉಪಕರಣ ಮತ್ತು ಮಾಹಿತಿ ನ್ಯಾಯವಾದ ಬೆಲೆಗೆ ಎಲ್ಲ ಗ್ಯಾರೇಜುಗಳಿಗೂ ಸಿಗಬೇಕು. ಘಟಕ ಬದಲಿಸಬೇಕೆಂದು ಹೇಳುವ ಸರ್ವಿಸ್ ಸೆಂಟರು, ತಾನು ಏನೇನು ಪರೀಕ್ಷಿಸಿದೆ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ಕಿತ್ತ ಹಳೆಯ ಘಟಕವನ್ನು ಮಾಲೀಕರಿಗೆ ತೋರಿಸಬೇಕು. ಎಷ್ಟು ವರ್ಷ ಸಾಫ್ಟ್‌ವೇರ್ ಒದಗಿಸುತ್ತೇವೆ ಎಂಬುದನ್ನು ಮೈಲೇಜಿನಂತೆ ಮಾರಾಟದ ಹೊತ್ತಿನಲ್ಲೇ ಬರಹದಲ್ಲಿ ತಿಳಿಸಬೇಕು. ದುರಸ್ತಿಯ ಹಕ್ಕು ಜಾಲತಾಣದಿಂದ ಕಾಯ್ದೆಗೆ ಏರಬೇಕು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ: ಎಸ್ಟಿಮೇಟನ್ನು ಬರಹದಲ್ಲಿ ಕೇಳುವುದು, 'ಯಾಕೆ' ಎಂದು ಮತ್ತೊಮ್ಮೆ ಕೇಳುವುದು, ತಿಳಿದದ್ದನ್ನು ಕನ್ನಡದಲ್ಲಿ ಬರೆದಿಡುವುದು.

2038ರ ನವೆಂಬರಿನಲ್ಲಿ ಉಪಗ್ರಹಗಳ ಆ ಎಣಿಕೆ ಮತ್ತೊಮ್ಮೆ ಸೊನ್ನೆಗೆ ಬರಲಿದೆ. ಇಂದು ಷೋರೂಮಿನಿಂದ ಹೊರಬೀಳುವ ಕಾರುಗಳಲ್ಲಿ ಎಷ್ಟೋ ಅಂದೂ ರಸ್ತೆಯಲ್ಲಿರುತ್ತವೆ. ಅಂದು ಅವುಗಳ ಗಡಿಯಾರ ತಪ್ಪಿದರೆ ಮಾಲೀಕರಿಗೆ ಸಿಗಬೇಕಾದ ಉತ್ತರ 'ಕಾಯಿರಿ' ಎಂದಾಗಿರಕೂಡದು. ಅದಕ್ಕೆ ಬೇಕಾದ ಕಾನೂನನ್ನು ಬರೆಯಲು ಇನ್ನೂ ಸಮಯವಿದೆ, ಕೇಳಬೇಕಾದವರು ನಾವು.